ಅಮ್ಮ ಬಂದು ಹೋದದ್ದು

ಮಹದೇವಪುರದ ಪಟಾಲಮ್ಮನ ಬಾಯಿಗೆ ಇಡೀ ಬೀದಿಯೇ ಹೆದರುತ್ತದೆ. ಅಂಥ ಮುದುಕಿ ಈಗ ಬೆನ್ಸನ್ ಟೌನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಮೊಮ್ಮಗಳ ಮಂಚದ ಪಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಒಂಬತ್ತು ವರ್ಷದ ಶ್ವೇತ ಇಡ್ಲಿ ತಿನ್ನುತ್ತಿದ್ದಾಗ ಬಲಗೈ ತಟ್ಟೆಯಲ್ಲೇ ಬಿದ್ದುಹೋಗಿ, ಮಾತು ತೊದಲಿತ್ತು. ಸ್ಟ್ರೋಕ್ ಅಂತೆ. ಮುದುಕರಿಗೆ ಹೊಡೆಯಬೇಕಾದ ಲಕ್ವ ಇಷ್ಟುದ್ದದ ಕೂಸಿಗೆ ಹೊಡೆಯುವುದು ಯಾವ ನ್ಯಾಯ? ಆದರೂ ಹುಡುಗಿ ಗಟ್ಟಿಗಿತ್ತಿ. ಮಾತು ಮರಳಿದ್ದೇ ತಡ, ಎಡಗೈಯಿಂದ ಅಜ್ಜಿಯ ಎಲೆಅಡಿಕೆ ಚೀಲ ಕದಿಯಲು ಶುರುಮಾಡಿದ್ದಳು. ಬಲಗೈ ಮಾತ್ರ ಇನ್ನೂ ಸೋಮಾರಿಯಾಗಿತ್ತು.

ಡಾಕ್ಟರ್ ಮೆಹ್ವಿಶ್ ಶಿವಾಜಿನಗರದ ಹೆಣ್ಣುಮಗಳು. ಮಾತು ಬೆಣ್ಣೆ, ಆದರೆ ಸುಲಭಕ್ಕೆ ಬಿಡುವ ಕುಳವಲ್ಲ.

"ಅಜ್ಜಿ, ಹಾರ್ಟು ಸರಿಯಿದೆ, ಬ್ಲಡ್ಡೂ ಸರಿಯಿದೆ. ತಲೆಯೊಳಗಿನ ಒಂದು ರಕ್ತನಾಳ ಮಾತ್ರ ಸಣ್ಣಗಾಗಿದೆ. ಯಾಕೆ ಅಂತ ಗೊತ್ತಾಗ್ದೆ, ಮತ್ತೆ ಬರಲ್ಲ ಅಂತ ನಾನು ಹೇಳೋಕಾಗಲ್ಲ. ಈ ವರ್ಷ ಏನಾದ್ರೂ ಕಾಯಿಲೆ ಬಂದಿತ್ತಾ?"

"ಒಂದು ನೆಗಡಿನೂ ಇಲ್ಲ ಕಣಮ್ಮ."

ಸುಳ್ಳೇನಲ್ಲ. ಯುಗಾದಿಯ ಹಿಂದೆಮುಂದೆ ಮಗುವಿನ ಮೈತುಂಬ ಗುಳ್ಳೆ ಎದ್ದಿದ್ದವು, ನಿಜ. ಆದರೆ ಅದು ಅಮ್ಮ ಬಂದದ್ದು. ದೇವಿ ಮನೆಗೆ ಬಂದರೆ ಕಾಯಿಲೆ ಎನ್ನುವುದುಂಟೆ? ಬಾಗಿಲಿಗೆ ಬೇವು ಕಟ್ಟಿ, ಮೊಸರನ್ನದ ಎಡೆಯಿಟ್ಟು, ಯಾವ ಡಾಕ್ಟರಿಗೂ ತೋರಿಸದೆ ಮರ್ಯಾದೆಯಿಂದ ಕಳಿಸಿಕೊಟ್ಟಿದ್ದಳು. ಈಗ ಅದನ್ನು ಆಸ್ಪತ್ರೆಯಲ್ಲಿ ಕಾಯಿಲೆ ಎಂದು ಹೇಳಿ, ದೇವಿ ಮುನಿದು ಮಗುವನ್ನೇ ಕರೆದುಕೊಂಡುಬಿಟ್ಟರೆ?

ಮೆಹ್ವಿಶ್ ಶ್ವೇತಳ ಕೂದಲು ಸರಿಸಿ, ಹಣೆಯ ಅಂಚಿನ ಪುಟ್ಟ ಗುಳಿಯನ್ನು ಮುಟ್ಟಿದಳು. "ಇದೇನು ಪುಟ್ಟಿ?"

"ಅಜ್ಜಿ ಹೇಳ್ಬಾರ್ದು ಅಂದವ್ಳೆ," ಎಂದು ಶ್ವೇತ ಗುಳಿ ಮುಚ್ಚಿಕೊಳ್ಳಲು ಬಲಗೈ ಎತ್ತಿದಳು. ಕೈ ಎದೆಯವರೆಗೆ ಬಂದು ಜಾರಿಹೋಯಿತು.

ಅದನ್ನು ನೋಡಿ ಪಟಾಲಮ್ಮನ ಕರುಳು ಚುರುಕ್ ಎಂದಿತು. ಎದ್ದು ನಿಂತು ಕೆನ್ನೆ ಕೆನ್ನೆ ಬಡಿದುಕೊಂಡಳು. "ತಪ್ಪಾಯ್ತು ತಾಯಿ, ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೋ," ಎಂದು ದೇವಿಗೆ ಹೇಳಿ, ಎಲ್ಲವನ್ನೂ ಒಂದೇ ಉಸಿರಿಗೆ ಡಾಕ್ಟರಿಗೆ ಒಪ್ಪಿಸಿದಳು.

ಮೆಹ್ವಿಶ್ ನಗಲಿಲ್ಲ. "ನಮ್ಮನೇಲೂ ನಾನಿ, ಅಂದ್ರೆ ನಮ್ಮಜ್ಜಿ, ಬೇವು ಕಟ್ತಿದ್ರು ಅಜ್ಜಿ. ನಾವು ಅದನ್ನ ಚಿಕನ್ ಪಾಕ್ಸ್ ಅಂತೀವಿ. ಅದು ಹೋಗಿ ಎಷ್ಟೋ ತಿಂಗಳಾದ್ಮೇಲೂ ಅಪರೂಪಕ್ಕೆ ಕೆಲವು ಮಕ್ಕಳಿಗೆ ರಕ್ತನಾಳ ಊದ್ಕೊಳ್ಳುತ್ತೆ. ಟೆಸ್ಟ್ ಮಾಡಿ ನೋಡ್ತೀನಿ. ಅದೇ ಆಗಿದ್ರೆ ಔಷಧಿ ಇದೆ. ಮತ್ತೆ ಬರೋದು ಕಮ್ಮಿ."

ಅದೇ ಆಗಿತ್ತು. ಅಂದಿನಿಂದ ಪಟಾಲಮ್ಮನ ಬಾಯಿಯ ಬೀಗ ಕಳಚಿತು. "ನಿಮ್ಮನೇಗೂ ಅಮ್ಮ ಬಂದಿದ್ಲಾ? ಮುಚ್ಚಿಡ್ಬೇಡ, ಡಾಕ್ಟ್ರಮ್ಮಂಗೆ ಹೇಳು," ಎಂದು ವಾರ್ಡಿನ ತಾಯಂದಿರನ್ನೆಲ್ಲ ವಿಚಾರಿಸತೊಡಗಿದಳು. ನರ್ಸುಗಳು ಸುಸ್ತಾದರು.

ಮನೆಗೆ ಬಂದ ಮೇಲೆ ದೇವಿಗೆ ಮತ್ತೆ ಮೊಸರನ್ನದ ಎಡೆಯಾಯಿತು. ಬಡಿಸುವುದು ತಾನೇ ಎಂದು ಹಟ ಹಿಡಿದ ಶ್ವೇತ ಬಲಗೈಯಲ್ಲೇ ತುತ್ತೆತ್ತಿದಳು. ಅರ್ಧ ಎಲೆಗೆ ಬಿತ್ತು, ಅರ್ಧ ಅಜ್ಜಿಯ ಮಡಿಲಿಗೆ.

"ಅಮ್ಮ ಬೈತಾಳಾ ಅಜ್ಜಿ?"

"ಅವಳ ಪಾಲು ಅವಳಿಗೆ ಸಿಕ್ತಲ್ಲ, ಬಿಡು," ಎಂದು ಪಟಾಲಮ್ಮ ಮಡಿಲಿನ ಅನ್ನ ಆಯ್ದು ಬಾಯಿಗೆ ಹಾಕಿಕೊಂಡಳು. ಕಣ್ಣೀರು ಬೆರೆತು ಉಪ್ಪು ಹೆಚ್ಚಾಗಿತ್ತು. ಅಷ್ಟು ರುಚಿಯ ಮೊಸರನ್ನ ಅವಳು ಜನ್ಮದಲ್ಲಿ ಉಂಡಿರಲಿಲ್ಲ.