ಜಹೀರುದ್ದೀನನ ಸುಖ

ದಾಲ್‌ಮಿಲ್ಲಿನ ಮಾಲಕರು ಇಪ್ಪತ್ತೆಂಟು ಮಂದಿಯನ್ನು ಸಾಲಾಗಿ ನಿಲ್ಲಿಸಿ, "ಹೊರದೇಶದ ಬ್ಯಾಳಿ ಅಗ್ಗ ಬರಾಕತ್ತದ, ನಮ್ಮದು ಹೋಗವಲ್ದು. ಇನ್ನ ಮಷೀನಿಗೆ ಒಬ್ಬಾಂವ ಸಾಕು" ಅಂದರು. ಆ ಒಬ್ಬ ನಾನೇ ಎಂದು ಎದೆ ಉಬ್ಬಿಸಿ ನಿಂತಿದ್ದೆ. ಅವರು ಕರೆದದ್ದು ಜಹೀರುದ್ದೀನನನ್ನು.

"ಮಷೀನು ಕೆಡೂಕಿಂತ ಮೊದಲೇ ಇವನ ಕಿವಿಗೆ ತಿಳೀತದ, ದೇವೀಂದ್ರಪ್ಪ. ನಿನಗ ಕೆಟ್ಟಮ್ಯಾಲೂ ತಿಳಿಯಂಗಿಲ್ಲ."

ಕೆಲಸ ಕಳೆದುಕೊಂಡವರೂ ನಕ್ಕರು.

ಕಿವಿಯ ಮಾತು ನನಗೆ ಹಳೆಯ ಗಾಯ. ನಾವಿಬ್ಬರೂ ಕಮಲಾಪುರದವರು, ಒಂದೇ ಓಣಿ, ಕಲಬುರಗಿಗೆ ಒಂದೇ ಬಸ್ಸು. ಅವ್ವ ಬೀಸುತ್ತ ಹೇಳುತ್ತಿದ್ದ ವಚನಗಳನ್ನು ಹಾಲಿನ ಜೊತೆಗೇ ಕುಡಿದವನು ನಾನು. ಶ್ರಾವಣದ ಪುರಾಣ ಒಂದು ದಿನವೂ ತಪ್ಪಿಸಿದವನಲ್ಲ. ಆದರೂ ಪದ್ಯ ಓದಿದ ಶಾಸ್ತ್ರಿಗಳು ತಿರುಗುತ್ತಿದ್ದದ್ದು ಮಠದ ಕಟ್ಟೆಯ ಅಂಚಿಗೆ ಕೂತ ಜಹೀರುದ್ದೀನನ ಕಡೆ. ಅವನು "ಹೌದ್ರೀ ಅಪ್ಪಾ" ಅಂದ ಮೇಲೆಯೇ ಅರ್ಥ ಹೇಳುವರು. "ಕೇಳಿದ್ರ ಹಿಂಗ ಕೇಳಬೇಕು ನೋಡ್ರಿ" ಅನ್ನುವರು. ನಾನು ಕೈಮುಗಿದುಕೊಂಡೇ ಉರಿಯುತ್ತಿದ್ದೆ.

ಮೂರು ತಿಂಗಳು ಸ್ಟೇಶನ್ ಬಜಾರದಲ್ಲಿ ಹಮಾಲಿಗೆ ನಿಂತೆ. ಸಿಕ್ಕ ದಿನ ಸಿಕ್ಕಿತು. "ಜ್ವಾಳ ಮುಗದಾವ್ರಿ" ಎನ್ನುವುದನ್ನೂ ಹೆಂಡತಿ ವಿದ್ಯಾವತಿ ಬಿಟ್ಟುಬಿಟ್ಟಳು. ಖಾಲಿ ಡಬ್ಬಿ ತೆರೆದು ಮುಂದಿಡುತ್ತಿದ್ದಳು. ಬಸ್ಸಿನಲ್ಲಿ ಜಹೀರುದ್ದೀನ ನನ್ನ ಟಿಕೆಟ್ಟನ್ನೂ ತೆಗೆಸುತ್ತಿದ್ದ. ಅದಂತೂ ಗಾಯಕ್ಕೆ ಖಾರ ಸವರಿದಂತೆ.

ಗುರುಪ್ರಸಾದ ಸಿಕ್ಕಿದ್ದು ಆಗಲೇ. ಖೂಬಾ ಪ್ಲಾಟಿನಲ್ಲಿ ಅವನ ಸಂಘಟನೆಯ ಕಚೇರಿ. ಹೋದವರಿಗೆ ಚಹಾ, ಮಂಡಕ್ಕಿ ಸೂಸಲಾ, ಕುರ್ಚಿ. ಎಷ್ಟೋ ದಿನದ ಮೇಲೆ ಯಾರೋ ನನಗೆ "ಕೂಡ್ರಿ" ಅಂದಿದ್ದರು.

"ನಿಮ್ಮ ಅನ್ನ ಕಸಕೊಂಡಾವ ಯಾರು, ಕಾಕಾ?"

"ಮಾಲಕರು..."

"ಮಾಲಕರನ್ನ ಬಿಡ್ರೀ. ನಿಮ್ಮ ಜಾಗಾದಾಗ ಈಗ ಯಾರು ನಿಂತಾರ?"

ಹೆಸರು ಹೇಳಿದೆ. ಅವನ ಮುಖ ಅರಳಿತು. ನನ್ನ ಹೊಟ್ಟೆಕಿಚ್ಚಿಗೆ ಅವನು ಧರ್ಮವೆಂದು ಹೆಸರಿಟ್ಟ, ನನಗೂ ಹಗುರಾಯಿತು.

ಶಾಲು ಹೊದ್ದ ನಲವತ್ತು ಮಂದಿ ಮಿಲ್ಲಿನ ಗೇಟಿಗೆ ಹೋದೆವು. "ನಮ್ಮ ಕೂಳು ನಮ್ಮವರಿಗೇ!" ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮಾಲಕರು ಹೆದರಿದರು. ಮರುದಿನ ಜಹೀರುದ್ದೀನನ ಜಾಗದಲ್ಲಿ ನಾನಿದ್ದೆ.

ಅಲ್ಲಿಗೆ ನನಗೆ ನಿದ್ದೆ ಹತ್ತಬೇಕಿತ್ತು. ಆದರೆ ದಿನಾ ಸಂಜೆ ಕಮಲಾಪುರದಲ್ಲಿ ಬಸ್ಸಿಳಿದರೆ ಎದುರಿಗೇ ಅವನ ತಳ್ಳುಗಾಡಿ. ಕೆಂಪು ಬಾಳೆಹಣ್ಣು ಒಟ್ಟಿಕೊಂಡು ಹೆಂಡತಿ ಕುಲ್ಸುಮ್ ಜೊತೆ ನಗುತ್ತಿರುವನು. ಗಿರಾಕಿಗಳೂ ನಗುವರು. ಒಂದು ಸಂಜೆ ನಮ್ಮ ಶಾಸ್ತ್ರಿಗಳೇ ಕೈಯಲ್ಲಿ ಹಣ್ಣು ಹಿಡಿದು, ಅಲ್ಲಿ ನಿಂತು ಅವನಿಗೆ ಪದ್ಯ ಹೇಳುತ್ತಿದ್ದರು.

"ಏ ದೇವೀಂದ್ರಾ, ಬಾರೋ!" ಜಹೀರುದ್ದೀನ ಕೂಗಿದ. "ಮಳಿ ಹತ್ತೇದ, ಎಡಗಡಿ ಬೇರಿಂಗಿಗೆ ಎಣ್ಣಿ ಬಿಡು. ಇಲ್ಲಾಂದ್ರ ಮಷೀನು ನಿಂತ್‌ಬಿಡ್ತದ."

ಅದು ಮಧ್ಯಾಹ್ನವೇ ನಿಂತಿತ್ತು. ಮಾಲಕರಿಂದ ಬೈಸಿಕೊಂಡೇ ಬಂದಿದ್ದೆ. ಕೆಲಸ ಕಿತ್ತುಕೊಂಡರೂ ಇವನ ಮುಖದ ಕಳೆ ಯಾಕೆ ಇಳಿಯವಲ್ದು?

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಗುರುಪ್ರಸಾದ.

"ಕಾಕಾ, ನಿಮ್ಮೂರ ಬಸ್‌ಸ್ಟ್ಯಾಂಡಿನಾಗ ನಮ್ಮವರದೇ ಗಾಡಿ ಇರಬೇಕಂತ ಮಾಡೀವಿ. ಬ್ಯಾರೇ ಮಂದಿ ಅದಾರೇನು ಅಲ್ಲಿ?"

ಜಹೀರುದ್ದೀನ ಹಣ್ಣು ಸುಲಿದು ನನ್ನ ಕಡೆ ಚಾಚಿದ್ದ. ಆ ವಾರ ಸಂಬಳ ಬಂದಿತ್ತು, ಮನೆಯಲ್ಲಿ ಜೋಳ ತುಂಬಿತ್ತು. ನನಗೆ ಯಾರಿಂದಲೂ ಏನೂ ಬೇಕಾಗಿರಲಿಲ್ಲ.

ಗಾಡಿಗೆ ಬೆನ್ನು ತಿರುಗಿಸಿದೆ.

"ಅದಾನ್ರೀ" ಅಂದೆ. "ಬರ್ರಿ, ತೋರಿಸ್ತೀನಿ."