ಶಾಂತಲಾ ವೈಂಡಿಂಗ್ಸ್ ನೋಡುವವರು

ಹರಿಹರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಾಟಪ್ಪನವರ ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಮಗಳು ಶಾಂತಲಾ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಅಪ್ಪನ ಎದುರು ಕೂತು ಆರು ವರ್ಷವಾಗಿತ್ತು. ಸುತ್ತಲಿನ ಊರುಗಳವರು ಈಗ ನೇರವಾಗಿ ಅವಳ ಮುಂದೆಯೇ ಮೋಟರ್ ಇಳಿಸುತ್ತಿದ್ದರು.

ತನಗೆ ಗೊತ್ತಿರುವುದನ್ನು ಕನ್ನಡದಲ್ಲಿ ಹೇಳಿಕೊಡಬೇಕು ಎಂಬ ಆಸೆಯಿಂದ ಅವಳು ಯೂಟ್ಯೂಬಿನಲ್ಲಿ ‘ಶಾಂತಲಾ ವೈಂಡಿಂಗ್ಸ್’ ಎಂಬ ಚಾನೆಲ್ ಶುರು ಮಾಡಿದಳು. ಎಂಟು ತಿಂಗಳು, ನಲವತ್ತೊಂದು ವಿಡಿಯೊ, ಮುನ್ನೂರ ಹನ್ನೆರಡು ಚಂದಾದಾರರು. ಅದರಲ್ಲಿ ಅರ್ಧದಷ್ಟು ನೆಂಟರೇ.

“ನಿನ್ನ ಮಾತು ಕೇಳಾಕೆ ಜನ ಅಂಗಡಿಗೇ ಬರ್ತಾರಲ್ಲ, ಆ ಫೋನಿನ ಮುಂದೆ ಯಾಕ ಒದ್ದಾಡ್ತಿ?” ಎಂದು ಕಾಟಪ್ಪ ಕೇಳುತ್ತಿದ್ದರು. ವಿಡಿಯೊದಲ್ಲಿ ತಮ್ಮ ಮುಖ ಬರಬಾರದೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಅವರ ಕೈಗಳಷ್ಟೇ ಬರುತ್ತಿದ್ದವು.

ಡಿಪ್ಲೊಮಾದಲ್ಲಿ ಜೊತೆಗೆ ಓದಿದ ರಶ್ಮಿತಾ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದಳು. ಅವರ ಮನೆಯವರದು ಹಾರ್ಡ್‌ವೇರ್ ಅಂಗಡಿ. ಲೆಕ್ಕ, ಗ್ರಾಫು ಎಂದರೆ ಅವಳಿಗೆ ಮೊದಲಿನಿಂದಲೂ ಹುಚ್ಚು. ಒಂದು ಸಂಜೆ ಶಾಂತಲಾ ಬಸ್ಸು ಹತ್ತಿ ಹೋಗಿ ತನ್ನ ಫೋನನ್ನು ಅವಳ ಕೈಗಿಟ್ಟಳು.

“ಏನ್ ತಪ್ಪು ಮಾಡ್ತಿದೀನಿ ನೋಡು. ಮ್ಯೂಸಿಕ್ ಹಾಕಿದೆ, ದೊಡ್ಡ ಕೆಂಪು ಅಕ್ಷರ ಹಾಕಿದೆ, ಬಾಯಿ ತೆಗೆದ ಫೋಟೊನೂ ಹಾಕಿದೆ. ಯಾರೂ ಬರ್ತಿಲ್ಲ.”

ಜನ ವಿಡಿಯೊವನ್ನು ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಗ್ರಾಫನ್ನು ರಶ್ಮಿತಾ ಎಳೆದೆಳೆದು ನೋಡಿದಳು. “ಬರ್ತಿದಾರೆ ಕಣೆ. ಬಂದು ಓಡಿ ಹೋಗ್ತಿದಾರೆ. ಇಲ್ಲಿ ನೋಡು, ಮೊದಲ ನಲವತ್ತು ಸೆಕೆಂಡು ನೀನು ನಮಸ್ಕಾರ ಹೇಳಿ, ಚಾನೆಲ್ ಹೆಸರು ಹೇಳಿ, ಗಂಟೆ ಒತ್ರಿ ಅಂತೀಯ. ಅಷ್ಟರಾಗೆ ಮುಕ್ಕಾಲು ಜನ ಖಾಲಿ. ಉಳಿದವರು ಮಾತ್ರ ಇಲ್ಲಿ ಕೂತಿದಾರೆ ನೋಡು, ಒಬ್ಬರೂ ಕದಲಿಲ್ಲ.”

ಅವಳ ಬೆರಳಿದ್ದ ಜಾಗದಲ್ಲಿ ಕಾಟಪ್ಪನವರ ಕೈಗಳು ತಂತಿ ಕಬ್ಬಿಣಕ್ಕೆ ತಾಗದಂತೆ ಮೋಟರಿನ ಒಳಗಿನ ಸೀಳುಗಳಿಗೆ ಕಾಗದ ಮಡಚಿ ತೂರಿಸುತ್ತಿದ್ದವು. ಮಾತಿಲ್ಲ, ಮ್ಯೂಸಿಕ್ಕಿಲ್ಲ. ಗ್ರಾಫಿನ ಗೆರೆ ಅಲ್ಲಿ ಮೇಲಕ್ಕೇ ಹೋಗಿತ್ತು. ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದರು.

ಇಷ್ಟು ದಿನ ಶಾಂತಲಾ ಅಲಂಕಾರ ಮಾಡುತ್ತ ಕೂತಿದ್ದಳು. ಜನ ಕೇಳುತ್ತಿದ್ದದ್ದು ಕೆಲಸ.

ಮರುದಿನದಿಂದ ನಮಸ್ಕಾರವೂ ಇಲ್ಲ, ಮ್ಯೂಸಿಕ್ಕೂ ಇಲ್ಲ. “ಈ ಮೋಟರ್ ಆನ್ ಮಾಡಿದ್ರೆ ಗುಂಯ್ ಅಂತೈತೆ, ತಿರುಗಲ್ಲ. ಯಾಕ ಅಂತ ನೋಡೋಣ ಬರ್ರಿ,” ಎಂದು ನೇರವಾಗಿ ಶುರು. ಎರಡು ತಿಂಗಳಲ್ಲಿ ಚಂದಾದಾರರು ನಾಲ್ಕು ಸಾವಿರವಾದರು. ನೋಡುವವರಲ್ಲಿ ನೂರಕ್ಕೆ ತೊಂಬತ್ತಾರು ಗಂಡಸರು ಎಂದು ಫೋನು ತೋರಿಸುತ್ತಿತ್ತು. ಶಾಂತಲಾ ಮಾತಿನ ನಡುವೆ “ನೋಡ್ರಿ ಅಣ್ಣಾರೆ” ಎನ್ನುವುದನ್ನು ರೂಢಿ ಮಾಡಿಕೊಂಡಳು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಮೊದಲ ಸಲ ಲೈವ್ ಬಂದಳು. ಪ್ರಶ್ನೆ ಕೇಳಿದರೆ ಅಲ್ಲೇ ಉತ್ತರ ಹೇಳುವುದು ಎಂದು ಪ್ರಕಟಿಸಿದ್ದಳು. ನೋಡುತ್ತಿದ್ದವರು ನಲವತ್ತೇಳು ಜನ. ಹತ್ತೂವರೆಗೆ ‘ತಿಪ್ಪೇಶ್ ಮಾಯಕೊಂಡ’ ಎಂಬ ಹೆಸರಿನಿಂದ ಒಂದು ಸಾಲು ಬಂತು: ‘ಮೊನ್ನೆ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ಮೇಲೆ ಬೋರ್ ಮೋಟರ್ ಓಡುತ್ತೆ, ನೀರು ಬೆರಳು ಗಾತ್ರ ಬರುತ್ತೆ. ಮೇಲೆತ್ತಿಸಬೇಕಾ?’

ಶಾಂತಲಾ ನೆಟ್ಟಗೆ ಕೂತಳು. “ತಿಪ್ಪೇಶಣ್ಣ, ಮೋಟರ್ ಎತ್ತಿಸಬ್ಯಾಡ್ರಿ. ಅದು ಕೆಟ್ಟಿಲ್ಲ, ಟ್ರಾನ್ಸ್‌ಫಾರ್ಮರ್ ಬದಲಾಯಿಸುವಾಗ ಲೈನ್ ಅದಲುಬದಲಾಗಿ ಉಲ್ಟಾ ತಿರುಗ್ತಾ ಇರ್ಬೇಕು. ಈಗ ತೋಟದಾಗೆ ಇದೀರಾ?”

‘ಹೌದು. ಹನ್ನೊಂದಕ್ಕೆ ಕರೆಂಟ್ ಹೋಗುತ್ತೆ.’

“ಹಂಗಾದ್ರೆ ನಿಧಾನ ಮಾಡಬ್ಯಾಡ್ರಿ, ಗಡಿಬಿಡಿನೂ ಬ್ಯಾಡ. ಮೋಟರ್ ನಿಲ್ಸಿ, ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಾಗೆ ಇಟ್ಕೊಳ್ರಿ. ಟೆಸ್ಟರ್ ಇಟ್ಟು ನೋಡ್ರಿ, ಎಲ್ಲೂ ಕರೆಂಟ್ ಇರಬಾರ್ದು. ಆಮೇಲೆ ಸ್ಟಾರ್ಟರಿಗೆ ಬರೋ ಮೂರು ವೈರಿನಾಗೆ ಯಾವುದಾದ್ರೂ ಎರಡನ್ನ ಅದಲುಬದಲು ಮಾಡ್ರಿ. ಒಂದು ಹೆಜ್ಜೆ ಮುಗಿದ ಮೇಲೆ ಒಂದು ಬರೀರಿ.”

‘ಫ್ಯೂಸ್ ತೆಗೆದೆ.’ ‘ಟೆಸ್ಟರ್ ಇಟ್ಟೆ. ಇಲ್ಲ.’ ಆಮೇಲೆ ಸದ್ದಿಲ್ಲ. ಕೆಳಗೆ ಬೇರೆಯವರು ಬರೆಯತೊಡಗಿದರು: ‘ಹುಷಾರು ಅಣ್ಣ.’ ‘ನೀರು ಬಂತಾ?’ ‘ಕರೆಂಟ್ ಹೋಗೋಕೆ ಹತ್ತು ನಿಮಿಷ ಐತೆ.’ ಯಾರೋ ಯಾರಿಗೋ ಕಳಿಸಿ, ಅವರು ಇನ್ಯಾರಿಗೋ ಕಳಿಸಿ, ನೋಡುವವರು ಇನ್ನೂರಾದರು, ಆರುನೂರಾದರು. ಕೈ ಒರೆಸಿಕೊಳ್ಳುತ್ತ ಕಾಟಪ್ಪನವರೂ ಬಂದು ಮಗಳ ಹಿಂದೆ ನಿಂತರು. ಮುಖ ಕಾಣುತ್ತಿದೆ ಎಂಬುದು ಅವರಿಗೆ ನೆನಪಾಗಲಿಲ್ಲ.

ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಚಾನೆಲ್ಲಿನಲ್ಲಿ ನಂಬರ್ ಕೊಟ್ಟಿದ್ದ ಅಂಗಡಿಯ ಇನ್ನೊಂದು ಫೋನಿಗೆ ಮಾಯಕೊಂಡದಿಂದ ವಿಡಿಯೊ ಬಂತು. ಶಾಂತಲಾ ಅದನ್ನು ಕ್ಯಾಮೆರಾದ ಮುಂದೆ ಹಿಡಿದಳು. ಮಣ್ಣಿನ ಅಂಚು, ಒಂದು ಪೈಪು. ಪೈಪು ಒಮ್ಮೆ ಕೆಮ್ಮಿ, ಪೂರ್ತಿ ಬಾಯಗಲ ನೀರನ್ನು ತೊಟ್ಟಿಗೆ ದೂಡಿತು.

“ಬಂತು ನೋಡ್ರಿ,” ಎಂದಳು ಶಾಂತಲಾ. ನಗು ಉಕ್ಕಿ ಬರುತ್ತಿತ್ತು.

ರಶ್ಮಿತಾ ಆ ಅರ್ಧ ಗಂಟೆಯನ್ನು ಒಂದೂವರೆ ನಿಮಿಷಕ್ಕೆ ಕತ್ತರಿಸಿ ಹಾಕಿದಳು. ನಾಲ್ಕು ದಿನದಲ್ಲಿ ಅದನ್ನು ಎರಡೂವರೆ ಲಕ್ಷ ಜನ ನೋಡಿದರು. ಚಂದಾದಾರರು ಮೂವತ್ತು ಸಾವಿರ ದಾಟಿದರು. ಶಾಂತಲಾ ಮೋಟರ್ ಬಿಚ್ಚುವಾಗಲೂ ಎಡಗೈಯಲ್ಲಿ ಫೋನು ತೆರೆದು ಸಂಖ್ಯೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ರಶ್ಮಿತಾ ಫೋನ್ ಮಾಡಿ, “ನಂಬರ್ ಸಾಕು, ಮುಖ ನೋಡೋಣ. ನಮ್ಮ ಅಂಗಡಿ ಮಹಡಿ ಖಾಲಿ ಐತೆ. ಒಂದು ದಿನದ ಕ್ಲಾಸ್ ಇಡು,” ಎಂದಳು.

ಇಪ್ಪತ್ತು ಜನಕ್ಕೆ ಮಾತ್ರ ಜಾಗ ಎಂದು ಬರೆದರು. ಒಂದು ಗಂಟೆಯೊಳಗೆ ಇಪ್ಪತ್ತು ಹೆಸರೂ ಬಂದವು. ಅಶ್ವಥ್, ಚೌಡೇಶ್, ತೌಸೀಫ್, ಗುರುಮೂರ್ತಿ. ಎಲ್ಲವೂ ಗಂಡಸರ ಹೆಸರು. ಮಾಯಕೊಂಡದ ತಿಪ್ಪೇಶನ ಹೆಸರೂ ಇತ್ತು.

ಕ್ಲಾಸಿಟ್ಟ ಭಾನುವಾರ ಅಪ್ಪ ಮಗಳು ಎರಡು ಹಳೇ ಮೋಟರು, ತಂತಿಯ ಉರುಳೆ, ಕಾಗದದ ಕಟ್ಟು ಹೇರಿಕೊಂಡು ಕೆ.ಬಿ. ಬಡಾವಣೆಗೆ ಬಂದರು. ರಶ್ಮಿತಾ ಪಟ್ಟಿ ಹಿಡಿದು ಮೆಟ್ಟಿಲ ಬಾಯಲ್ಲಿ ನಿಂತಳು. ಮೊದಲು ಹತ್ತಿ ಬಂದದ್ದು ಆನಗೋಡಿನ ಒಬ್ಬ ಹುಡುಗಿ.

“ಅಶ್ವಥ್ ಅಂತ ಬರ್ಸಿದೀನ್ರಿ. ಅದು ನಮ್ಮಣ್ಣನ ಫೋನು.”

ಎರಡನೆಯವರು ಚೌಡೇಶನ ಹೆಂಡತಿ. ಮೂರನೆಯವನು ತೌಸೀಫ್, ತಾನೇ ಬಂದಿದ್ದ. ಆಮೇಲೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಗಟ್ಟಿ ಹೆಜ್ಜೆ ಇಟ್ಟು ಬಂದಳು.

“ಮಾಯಕೊಂಡರಿ. ತಿಪ್ಪೇಶ್.”

ಶಾಂತಲಾ ಅವಳ ಹಿಂದೆ ಇಣುಕಿದಳು. “ತಿಪ್ಪೇಶಣ್ಣ ಬರ್ಲಿಲ್ವಾ?”

“ನಮ್ಮನೆಯವರು ಫೋನು ಮನ್ಯಾಗೇ ಬಿಟ್ಟು ಕಾರ್ಖಾನೆ ಕೆಲ್ಸಕ್ಕೆ ಹೋಗ್ತಾರ್ರಿ, ಬೋರಿನ ಗೊಡವೆ ಎಲ್ಲಾ ನಂದೇ. ಅವತ್ತು ವೈರ್ ಬಿಚ್ಚಿದ್ದು ನಾನು. ನನ್ನ ಹೆಸರು ಲತಾ. ನೀವು ಅಣ್ಣ ಅಣ್ಣ ಅಂತಿದ್ರಿ, ಆ ಹೊತ್ತಿನಾಗೆ ಎಲ್ಲಿ ಹೇಳ್ತಾ ಕೂಡ್ಲಿ ಅಂತ ಸುಮ್ನಾದೆ.”

ಶಾಂತಲಾ ಲತಾಳ ಎರಡೂ ಕೈ ಹಿಡಿದುಕೊಂಡು ನಗತೊಡಗಿದಳು. ಫ್ಯೂಸು ಸೆರಗಿನಲ್ಲಿ ಕಟ್ಟಿಕೊಂಡು ತೋಟದಲ್ಲಿ ಒಬ್ಬಳೇ ನಿಂತಿದ್ದ ಈ ಹೆಂಗಸಿಗೆ ಆರುನೂರು ಜನ ಹುಷಾರು ಅಣ್ಣ ಎಂದು ಬರೆದಿದ್ದರು.

ಇಪ್ಪತ್ತರಲ್ಲಿ ಹನ್ನೊಂದು ಹೆಂಗಸರು. ಗಂಡನ ಫೋನು, ಅಣ್ಣನ ಫೋನು, ಒಬ್ಬಳದು ಮಾವನ ಫೋನು. ರಶ್ಮಿತಾ ಪಟ್ಟಿಯ ಮೇಲಿನ ಹೆಸರುಗಳನ್ನು ಒಂದೊಂದೇ ಹೊಡೆದು ಪಕ್ಕದಲ್ಲಿ ಹೊಸದು ಬರೆಯುತ್ತ, “ಗ್ರಾಫು ಸುಳ್ಳು ಹೇಳಿಲ್ಲ ಕಣೆ, ಅದಕ್ಕೆ ಫೋನ್ ಯಾರದು ಅಂತ ಅಷ್ಟೇ ಗೊತ್ತು,” ಎಂದಳು.

ಅಂದಿನ ಪಾಠ ಶಾಂತಲಾ ಅಂದುಕೊಂಡಂತೆ ನಡೆಯಲೇ ಇಲ್ಲ. ಎಲ್ಲರೂ ಒಮ್ಮೆಗೇ ಮೋಟರಿಗೆ ಮುತ್ತಿದರು. ಗುರುಮೂರ್ತಿ ಎಂಬ ಹಿರಿಯರು ಬಿಗಿದುಕೊಂಡ ಬೋಲ್ಟಿಗೆ ಎಣ್ಣೆ ಬಿಟ್ಟರು, ಆನಗೋಡಿನ ಹುಡುಗಿ ಸುರುಳಿಯ ಸುತ್ತುಗಳನ್ನು ಗಟ್ಟಿಯಾಗಿ ಎಣಿಸಿದಳು, ತೌಸೀಫ್ ಎರಡು ಸಲ ಕಾಗದ ಹರಿದ. ಕಾಟಪ್ಪ ಮೂಲೆಯಲ್ಲಿ ಕೂತಿರುತ್ತೇನೆ ಎಂದಿದ್ದವರು ಹತ್ತೇ ನಿಮಿಷದಲ್ಲಿ ಎದ್ದು ಬಂದರು. “ಹಂಗಲ್ಲಮ್ಮ, ಹೆಬ್ಬೆಟ್ಟಿನಿಂದ ಒತ್ತು. ಹಾಂ, ಈಗ ಬಿಡು.” ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ. ಸಂಜೆ ನಾಲ್ಕಕ್ಕೆ ಲತಾ ಸುತ್ತಿದ ಮೋಟರಿಗೆ ಕರೆಂಟು ಕೊಟ್ಟಾಗ ಅದು ಗದ್ದಲವಿಲ್ಲದೆ ತಿರುಗಿತು. ಮಹಡಿಯಲ್ಲಿದ್ದವರೆಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಆ ವಾರದಿಂದ ಶಾಂತಲಾ ‘ಅಣ್ಣಾರೆ’ ಜೊತೆ ‘ಅಕ್ಕಾರೆ’ ಸೇರಿಸಿದಳು. ಸೀರೆಯಲ್ಲಿ ತಂತಿ ಸಿಕ್ಕಿಕೊಳ್ಳದಂತೆ ಕೂರುವುದು ಹೇಗೆ, ಭಾರದ ಮೋಟರನ್ನು ಇಬ್ಬರು ಹೆಂಗಸರು ಹಲಗೆ ಮೇಲೆ ಜಾರಿಸುವುದು ಹೇಗೆ ಎಂಬ ವಿಡಿಯೊಗಳು ಬಂದವು. ಅವನ್ನು ಗಂಡಸರೂ ನೋಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಚಂದಾದಾರರು ಒಂದು ಲಕ್ಷವಾದರು.

ಅದೇ ತಿಂಗಳು ಲತಾ ಮಾಯಕೊಂಡದಲ್ಲಿ ಮನೆಯ ಪಕ್ಕದ ಶೀಟಿನ ಕೊಟ್ಟಿಗೆ ಖಾಲಿ ಮಾಡಿ ವೈಂಡಿಂಗ್ ಶುರು ಮಾಡಿದಳು. ನೋಡಲೆಂದು ಶಾಂತಲಾ ಹೋದ ದಿನ ಒಬ್ಬ ರೈತ ಲಗೇಜ್ ಆಟೊದಲ್ಲಿ ಮೋಟರ್ ತಂದು ನಿಲ್ಲಿಸಿ ಒಳಗೆ ಬಗ್ಗಿ ನೋಡಿದ.

“ವೈಂಡಿಂಗ್ ಮಾಡೋರು ಎಲ್ಲಿ ಹೋಗಿದಾರಮ್ಮ?”

“ಇಲ್ಲೇ ಅದೀನಲ್ರಿ. ಏನಾಗೈತೆ ಮೋಟರಿಗೆ?” ಎಂದಳು ಲತಾ, ಸೆರಗು ಬಿಗಿದುಕೊಳ್ಳುತ್ತ.

ಅವನು ಒಮ್ಮೆ ಇವಳನ್ನು, ಒಮ್ಮೆ ಶಾಂತಲಾಳನ್ನು ನೋಡಿ, “ಹೊಗೆ ಬಂತಮ್ಮ,” ಎಂದ. ಇಬ್ಬರೂ ಆಟೊದ ಹತ್ತಿರ ಹೋಗಿ, ಹಲಗೆ ಹಚ್ಚಿ, ಒಬ್ಬರು ಮೇಲಿನಿಂದ ಒಬ್ಬರು ಕೆಳಗಿನಿಂದ ಹಿಡಿದು ಮೋಟರನ್ನು ಇಳಿಸಿಕೊಂಡರು.