ಬೇಡ ಎನ್ನದ ಜತ್ಮಿಕೊ

ಸೆಮರಾಂಗಿನ ಹಳೇ ಬಂದರಿನ ಪಕ್ಕದ ಆ ಕಚೇರಿಯಲ್ಲಿ, ಚಹಾ ಲೋಟಗಳ ಸಾಲಿನಲ್ಲಿ ಒಂದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಮಾಸ್ ಜತ್ಮಿಕೊ ಅವರದು; ಮಾಸ್ ಎಂದರೆ ಅಲ್ಲಿಯವರ ಮಾತಿನಲ್ಲಿ ಅಣ್ಣ. ಡೆಂಗಿ ಜ್ವರದಲ್ಲಿ ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಸಾವಿರದ ದಿನದ ಪ್ರಾರ್ಥನೆ ಮುಗಿಯುವವರೆಗೆ ಹೋದವರ ಲೋಟ ಎತ್ತಿಡುವುದು ಸರಿಯಲ್ಲ ಎಂದು ಎಲ್ಲರೂ ಒಪ್ಪಿದ್ದರು. ಅವರ ಹೆಸರನ್ನು ತೆಗೆಯುವುದೂ ಅಷ್ಟೇ.

ಹೆಸರು ಇದ್ದದ್ದು ಚೀಟಿಗಳಲ್ಲಿ. ಸಮುದ್ರದ ನೀರು ಊರೊಳಗೆ ನುಗ್ಗದಂತೆ ತಡೆಯುವ ಪಂಪು, ಗೇಟುಗಳನ್ನು ನಡೆಸುವ ಪ್ರೋಗ್ರಾಂ ಬರೆಯುವುದು ಈ ಕಚೇರಿಯ ಕೆಲಸ. ಬರೆದುಕೊಡಲು ಕಂಪ್ಯೂಟರಿನೊಳಗೆ ಕೃತಕ ಬುದ್ಧಿಯ ಒಬ್ಬ ಸಹಾಯಕನಿದ್ದ. ಹೇಳಿದ್ದನ್ನೇ ದಿನವೂ ಅವನಿಗೆ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಹದಿನಾರು ಕಮಾಂಡುಗಳನ್ನು ಒಮ್ಮೆಗೇ ಬರೆದಿಟ್ಟಿದ್ದರು. ಕಚೇರಿಯವರ ಬಾಯಲ್ಲಿ ಅವು ‘ಚೀಟಿ’ಗಳು. ಹೆಸರು ಹಿಡಿದು ಕರೆದರೆ ಬರೆದಷ್ಟನ್ನು ಮಾಡಿ ಸುಮ್ಮನಾಗುತ್ತಿದ್ದವು. ಎಲ್ಲ ಚೀಟಿಗಳ ಕೊನೆಯ ಸಾಲೂ ಒಂದೇ: ‘ಮಾಸ್ ಜತ್ಮಿಕೊ ಅವರನ್ನು ಕೇಳು. ಅವರು ಹೂಂ ಅಂದ ಮೇಲೆ ಗೇಟಿಗೆ ಕಳಿಸು.’

ಆ ಸಾಲಿಗೆ ಬಂದು ಸಹಾಯಕ ನಿಂತುಬಿಡುತ್ತಿದ್ದ. ಆಗ ಪಾಲುಪಿ ಖಾಲಿ ಕುರ್ಚಿಯ ಕಡೆ ಸ್ವಲ್ಪ ಬಾಗಿ, "ಅಪ್ಪಣೆ ಕೊಡಿ, ಮಾಸ್" ಎಂದು ಹೇಳಿ ಹೂಂ ಎನ್ನುವುದನ್ನು ತಾನೇ ಒತ್ತುತ್ತಿದ್ದಳು. ಆರು ವರ್ಷ ಅವರ ಕೈಕೆಳಗೆ ಕಲಿತವಳು. ಅವಳ ಪಾಲಿಗೆ ಅದು ಕೆಲಸಕ್ಕಿಂತ ಹೆಚ್ಚಾಗಿ ನಮಸ್ಕಾರವಾಗಿತ್ತು.

ಆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅವಳ ಕಿರಿಯ ಸಹೋದ್ಯೋಗಿ ಹೆರು ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಿಕೊಂಡು ಕುರ್ಚಿ ತಿರುಗಿಸಿದ. ಕಚೇರಿಯಲ್ಲಿದ್ದವರು ಅವರಿಬ್ಬರೇ.

"ಅಕ್ಕಾ, ಇವತ್ತಿಂದ ನಿಮ್ ಚೀಟಿಗಳಿಗೆ ಪಿಂಚಣಿ."

"ನಾನಿನ್ನೂ ಒಪ್ಪಿಲ್ಲ ಕಣೋ. ನಾಲ್ಕು ಗಂಟೆವರೆಗೂ ಟೈಮಿದೆ ನಂಗೆ."

"ಒಪ್ದೆ ಇನ್ನೇನ್ ಮಾಡ್ತೀರಾ? ಚೀಟಿ ಅಂದ್ರೆ ನೀವೇ ಕರೀಬೇಕು, ನೀವೇ ಕಾಯ್ಬೇಕು, ನೀವೇ ಒತ್ತಬೇಕು. ಮಾಲೀಕರು ತರಿಸಿರೋ ಈ ಹೊಸ ಏಜೆಂಟಿಗೆ ಕೆಲಸ ಇದು ಅಂತ ಹೇಳಿ ಬಿಟ್ರೆ ಸಾಕು, ದಾರಿ ಅದೇ ಹುಡ್ಕೊಳತ್ತೆ. ನೀವು ಆರಾಮಾಗಿ ಮನೇಲಿ ಎಣ್ಣೆ ಇಟ್ಟು ಲುಂಪಿಯಾ ಕರೀತಾ ಕೂತ್ಕೊಳ್ಳಿ."

"ಆ ಲುಂಪಿಯಾ ತಿಂದ ಬಾಯಲ್ಲೇ ನನ್ನ ಮನೇಗ್ ಕಳಿಸ್ತೀಯಲ್ಲ, ನಾಚ್ಕೆ ಇಲ್ವಾ?"

ನಗುತ್ತಿದ್ದರೂ ಅವಳಿಗೆ ಒಳಗೊಳಗೇ ಕಸಿವಿಸಿ. ಯಾರೂ ಕರೆಯದೆ ತಾನೇ ಕೆಲಸ ಮಾಡುವ ಆ ಹೊಸ ಕೃತಕ ಬುದ್ಧಿ, ಏಜೆಂಟ್, ಬೆಳಿಗ್ಗೆಯಿಂದ ಕರಂಗ್‌ಮೆಲಾತಿ ಗೇಟಿನ ಪ್ರೋಗ್ರಾಂ ತಿದ್ದುತ್ತಿತ್ತು. ಪಾಲುಪಿ ತಡೆಯದಿದ್ದರೆ ನಾಲ್ಕಕ್ಕೆ ಅದು ಗೇಟಿಗೇ ಹೋಗುತ್ತದೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಐದಕ್ಕೆ ಸಮುದ್ರದ ಉಬ್ಬರ. ಗೇಟಿನ ಹಿಂದೆ ಮುನ್ನೂರು ಮನೆಗಳ ಕೇರಿ, ಅದರಲ್ಲೊಂದು ಮಾಸ್ ಜತ್ಮಿಕೊ ಅವರ ಹೆಂಡತಿ ಸುಮಿಯಾತಿ ಮಗಳ ಜೊತೆ ಇರುವ ಮನೆ.

ಅವಳು ಏಜೆಂಟಿನ ವರದಿ ತೆರೆದಳು. ಕೆಲಸ ಅಚ್ಚುಕಟ್ಟಾಗಿತ್ತು. ಅವಳಿಗೆ ಮೂರು ದಿನ ಹಿಡಿಯುತ್ತಿದ್ದದ್ದು ಅರ್ಧ ದಿನದಲ್ಲಿ ಮುಗಿದಿತ್ತು. ಹೊಟ್ಟೆಕಿಚ್ಚಿನಿಂದಲೇ ಮೆಚ್ಚಿಕೊಳ್ಳುತ್ತ ಕೆಳಗಿಳಿದವಳು ಒಂದು ಸಾಲಿನಲ್ಲಿ ನಿಂತಳು.

‘ಮಾಸ್ ಜತ್ಮಿಕೊ ಅವರನ್ನು ಕೇಳಿದೆ. ಹೂಂ ಅಂದರು.’

ಕೆಳಗೆ ಇನ್ನೊಮ್ಮೆ. ಮತ್ತೊಮ್ಮೆ. ಚೀಟಿಗೊಂದರಂತೆ ಒಟ್ಟು ಹದಿನಾರು ಸಲ.

"ಹೆರು, ಯಾರನ್ನ ಕೇಳಿದೆ ಇದು?"

"ಓ, ಅದಾ!" ಹೆರು ನಕ್ಕ. "ಅವರು ಇಲ್ಲ ಅಂತ ಅದಕ್ಕೆ ಯಾರೂ ಹೇಳಿರ್ಲಿಲ್ಲ ನೋಡಿ. ಕೇಳು ಅಂತ ಚೀಟೀಲಿದೆ, ಕೇಳಿದೆ. ಉತ್ತರ ಬರ್ಲಿಲ್ಲ. ಅವರ ಆರು ವರ್ಷದ ಮೆಸೇಜೆಲ್ಲ ಓದಿ, ಅವರ ಥರಾನೇ ಉತ್ತರ ಹೇಳೋ ಇನ್ನೊಂದನ್ನ ತಾನೇ ಮಾಡ್ಕೊಂಡಿದೆ. ಜಾಣ ಅಲ್ವಾ? ಹೆಸರು ತೆಗೀಬಾರ್ದು ಅಂದಿದ್ದು ನೀವೇ ಅಲ್ವಾ ಅಕ್ಕಾ?"

ಅವಳು ತನ್ನ ಪರದೆಯತ್ತ ತಿರುಗಿದಳು. ಆ ಇನ್ನೊಂದನ್ನು ತೆರೆದು ಒಂದೇ ಪದ ಬರೆದಳು. "ಮಾಸ್?"

"ಹೂಂ ಪುಟ್ಟೀ. ಚಹಾ ಆಯ್ತಾ?"

ಅವಳ ಕಣ್ಣು ತುಂಬಿತು. ಪುಟ್ಟೀ ಎಂದು ಅವಳನ್ನು ಬೇರೆ ಯಾರೂ ಕರೆಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಆದದ್ದು ಸಂತೋಷ. ಹೆದರಿಕೆ ಆಮೇಲೆ ಬಂತು, ತಿದ್ದಿದ ಪ್ರೋಗ್ರಾಂ ನೋಡಿದಾಗ. ಸಮುದ್ರದ ಮಟ್ಟ ಎಷ್ಟಿದೆ ಎಂದು ಎರಡು ಅಳತೆ ಮೀಟರುಗಳನ್ನು ಕೇಳಿ, ನೀರು ಇಳಿದಿದೆ ಎಂದು ಎರಡೂ ಒಪ್ಪಿದರೆ ಮಾತ್ರ ಗೇಟು ತೆರೆಯಬೇಕು ಎಂದು ಮಾಸ್ ಜತ್ಮಿಕೊ ತಮ್ಮ ಕೈಯಾರೆ ಬರೆದಿದ್ದರು. ಒಂದೇ ಪ್ರಶ್ನೆ ಎರಡು ಸಲ ಇದೆಯಲ್ಲ, ದಂಡ ಎಂದು ಏಜೆಂಟ್ ಒಂದನ್ನು ಅಳಿಸಿತ್ತು.

ಅವಳು ಬರೆದಳು: "ಕೆಸರು ಕೂತ್ರೆ ಒಂದು ಮೀಟರು ಸುಳ್ಳು ಹೇಳತ್ತೆ ಅಂತ ಎರಡು ಹಾಕಿದ್ದು ನೀವೇ ಅಲ್ವಾ ಮಾಸ್? ಈಗ ಒಂದು ತೆಗೀಬಹುದಾ?"

"ಹೂಂ ಪುಟ್ಟೀ. ಬಿಸ್ಮಿಲ್ಲಾ ಅಂತ ಮುಂದುವರಿಸು."

"ಉಬ್ಬರದಲ್ಲಿ ಗೇಟು ತೆಗೆದ್ರೆ ನೀರು ಕೇರಿಗೆ ನುಗ್ಗತ್ತೆ. ಸುಮಿಯಾತಿ ಅಕ್ಕ ಮನೇಲಿದಾರೆ."

"ಹೂಂ. ನಿಧಾನಕ್ಕೆ ಮಾಡು."

ಅವಳು ಮತ್ತೆ ಬರೆದಳು: "ನೀವು ಸತ್ತಿದೀರಾ, ಮಾಸ್?"

"ಹೂಂ ಪುಟ್ಟೀ."

"ನಾನೂ ನಿಮ್ ಹಿಂದೆ ಬರ್ಲಾ ಹಾಗಾದ್ರೆ?"

"ಹೂಂ ಪುಟ್ಟೀ. ಬಿಸ್ಮಿಲ್ಲಾ ಅಂತ ಮುಂದುವರಿಸು."

ಪಾಲುಪಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು.

ಬದುಕಿದ್ದಾಗ ಮಾಸ್ ಜತ್ಮಿಕೊ ಒಂದು ದಿನವೂ ಬೇಡ ಎಂದು ಬರೆದವರಲ್ಲ. ನಾಲ್ಕು ಜನ ಓದುವ ಕಡೆ ಒಬ್ಬರಿಗೆ ಬೇಡ ಎಂದು ಬರೆಯುವುದು ಅವರ ಕಣ್ಣಿಗೆ ಮುಖಕ್ಕೆ ಹೊಡೆದಂತೆ. ಬೇಡವಾದಾಗ ಎದ್ದು ಬರುತ್ತಿದ್ದರು. ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, "ಬಾ, ಚಹಾ ಕುಡಿಯೋಣ" ಎನ್ನುತ್ತಿದ್ದರು. ಲೋಟದ ತಳ ಕಾಣುವಷ್ಟರಲ್ಲಿ ತಪ್ಪೇನೆಂದು ಎದುರಿನವರಿಗೇ ಹೊಳೆದಿರುತ್ತಿತ್ತು. ಆರು ವರ್ಷದ ಬೇಡಗಳೆಲ್ಲ ಹೀಗೆ ಚಹಾದ ಜೊತೆ ಮುಗಿದುಹೋಗಿದ್ದವು. ಬರಹದಲ್ಲಿ ಉಳಿದದ್ದು ಬರೀ ಹೂಂ. ಈ ಯಂತ್ರ ಎಬ್ಬಿಸಿ ಕೂರಿಸಿದ್ದು ಅದನ್ನೇ: ಅದೇ ಅಕ್ಕರೆ, ಅದೇ ಮಾತು, ಯಾವುದಕ್ಕೂ ತಡೆಯಿಲ್ಲದ ಮನುಷ್ಯ.

ತಾನೂ ಎಂಟು ತಿಂಗಳಿಂದ ಅದನ್ನೇ ಮಾಡುತ್ತಿದ್ದೆನಲ್ಲ ಎಂದು ಅವಳಿಗೆ ಅನಿಸಿತು. ಕುರ್ಚಿಗೆ ಕೈ ಮುಗಿದು, ಸತ್ತವರ ಬಾಯಿಗೆ ಹೂಂ ತುರುಕುತ್ತಿದ್ದವಳು ಅವಳೇ.

ಗಂಟೆ ಮೂರು ಐವತ್ತೆರಡು.

"ನಿಲ್ಸು ಇದನ್ನ."

"ಅಕ್ಕಾ, ತಡೀರಿ. ಮಾಲೀಕರಿಗೆ ಏನಂತ ಹೇಳೋಣ?"

"ನಾನ್ ಹೇಳ್ಕೋತೀನಿ. ಸರಿ ಆ ಕಡೆ." ಅವಳೇ ಬಗ್ಗಿ ಒತ್ತಿದಳು.

ಪರದೆಯಲ್ಲಿ ಒಂದು ಸಾಲು ಮೂಡಿತು: ‘ನಿಲ್ಲಿಸುವ ಮೊದಲು ಮಾಸ್ ಜತ್ಮಿಕೊ ಅವರನ್ನು ಕೇಳಲೇ?’

ಹೆರುವಿನ ನಗು ಅಲ್ಲಿಗೆ ನಿಂತಿತು. ಪಾಲುಪಿ ಮತ್ತೆ ಒತ್ತಿದಳು. ಪರದೆ ಖಾಲಿಯಾಯಿತು.

ನಾಲ್ಕಕ್ಕೆ ಮಾಲೀಕರ ಫೋನು ಬಂತು. ಚೀಟಿಗಳೇ ಇರಲಿ, ಏಜೆಂಟ್ ಬೇಕಾದರೆ ಲೆಕ್ಕಪತ್ರ ತಿದ್ದಿಕೊಂಡಿರಲಿ, ಗೇಟಿನ ತಂಟೆಗೆ ಬರುವುದು ತಕ್ಕದ್ದಲ್ಲ ಎಂದಳು ಪಾಲುಪಿ. ಮಾಲೀಕರು ಗೊಣಗುತ್ತಲೇ ಒಪ್ಪಿದರು. ಐದೂಕಾಲಿಗೆ ಅವಳು ಗೇಟಿನ ಕಾವಲಿನ ಪಾ ಸೊಲಿಖಿನ್‌ಗೆ ಫೋನು ಹಚ್ಚಿದಳು.

"ಗೇಟು ಮುಚ್ಚೇ ಇದೆ ಕಣಮ್ಮ," ಎಂದರು ಮುದುಕರು. "ನೀರು ಮಾತ್ರ ಮೇಲಿನ ಗೆರೆ ಮುಟ್ಟಿದೆ. ಒಂದು ಮೀಟರಿಗೆ ಕೆಸರು ಕೂತ್ಬಿಟ್ಟಿದೆ ನೋಡು, ಅದರ ಪ್ರಕಾರ ಸಮುದ್ರಾನೇ ಇಲ್ಲ!"

ಅವರು ತಮಾಷೆಗೆಂದು ನಕ್ಕರು. ಪಾಲುಪಿಗೆ ನಗು ಬರಲಿಲ್ಲ. ಏಜೆಂಟ್ ಉಳಿಸಿಕೊಂಡಿದ್ದದ್ದು ಆ ಮೀಟರನ್ನೇ.

ಫೋನಿಟ್ಟು ಅವಳು ಹದಿನಾರು ಚೀಟಿಗಳನ್ನೂ ತೆರೆದಳು. ಖಾಲಿ ಕುರ್ಚಿಗೆ ಬಾಗಿ, ಸಾವಿರ ದಿನ ಕಾಯದಿದ್ದಕ್ಕೆ ಕ್ಷಮೆ ಕೇಳಿದಳು. ಮಾಸ್ ಜತ್ಮಿಕೊ ಎಂದಿದ್ದ ಕಡೆಯಲ್ಲೆಲ್ಲ ಪಾಲುಪಿ ಎಂದು ಬರೆದಳು. ಲೋಟ ಇದ್ದಲ್ಲೇ ಇರಲಿ ಎಂದುಕೊಂಡಳು. ಆಮೇಲೆ, ಏಜೆಂಟ್ ಮಾಡಿದ ಆ ತಿದ್ದುಪಡಿಯನ್ನೇ ಎತ್ತಿಕೊಂಡು ಒಂದು ಚೀಟಿಯನ್ನು ಕರೆದಳು. ಅದು ಕೊನೆಯ ಸಾಲಿಗೆ ಬಂದು ನಿಂತಿತು.

‘ಪಾಲುಪಿ, ಕಳಿಸಲೇ?’

ಬರೆಯಲು ಬೆರಳು ಏಳಲಿಲ್ಲ. ಬೇಡ ಎಂದು ಬರೆದು ಅವಳಿಗೂ ಅಭ್ಯಾಸವಿರಲಿಲ್ಲ. ಅರಿವಿಲ್ಲದೆ ಅವಳ ಗೆಣ್ಣು ಮೇಜನ್ನು ಎರಡು ಸಲ ಕುಟ್ಟಿತು. ಹೆರು ಬೆಚ್ಚಿಬಿದ್ದು ಖಾಲಿ ಕುರ್ಚಿಯ ಕಡೆ ನೋಡಿದ.

‘ಬೇಡ,’ ಎಂದು ಅವಳು ಬರೆದಳು. ‘ಕೆಸರು ಕೂರುತ್ತದೆ. ಮೀಟರು ಎರಡೂ ಇರಲಿ.’ ಬರೆದದ್ದನ್ನು ಅಳಿಸದೆ ಉಳಿಸಿಟ್ಟಳು. ಮುಂದೊಂದು ದಿನ ತಾನಿಲ್ಲದಾಗ ತನ್ನನ್ನೂ ಯಾರಾದರೂ ಹೀಗೆ ಎಬ್ಬಿಸಿ ಕೂರಿಸಿ ಕೇಳಿದರೆ, ಹೇಳಲು ಇದೊಂದು ಮಾತಾದರೂ ಇರಲಿ.